ಮಲೆನಾಡಿನ ಸಿಸಿ ರಸ್ತೆ: ಚೀಲದ ಲೆಕ್ಕಕ್ಕಿಂತ ನೀರಿನ ಲೆಕ್ಕ ಮೊದಲು

ತೀರ್ಥಹಳ್ಳಿ, ಹೊಸನಗರ ಕಡೆ ಊರೊಳಗಿನ ಕಾಂಕ್ರೀಟ್ ರಸ್ತೆ ಕೆಲಸ ಮಾಡಿಸುತ್ತೇನೆ. ದೊಡ್ಡ ಹೆದ್ದಾರಿಗಳಲ್ಲ. ಗೊಬ್ಬರದ ಲಾರಿ, ಅಡಿಕೆ ತುಂಬಿದ ಪಿಕಪ್, ಶಾಲೆ ಬಸ್ಸು ಓಡಾಡುವ ಮೂರು ಮೀಟರ್ ಅಗಲದ ದಾರಿಗಳು. ಹೋದಲ್ಲೆಲ್ಲ ಜನ ಮೊದಲು ಕೇಳೋದು, "ಎಷ್ಟು ಚೀಲ ಸಿಮೆಂಟ್ ಹಾಕ್ತೀರಿ?" ಕೇಳಲಿ, ಕೇಳಲೇಬೇಕು. ಆದ್ರೆ ಈ ಭಾಗದಲ್ಲಿ ಸಿಮೆಂಟ್ ಕಡಿಮೆಯಾಗಿ ಕೆಟ್ಟ ರಸ್ತೆಗಿಂತ ಅಡಿಗೆ ನೀರು ನುಗ್ಗಿ ಕೆಟ್ಟ ರಸ್ತೆಯನ್ನೇ ನಾನು ಜಾಸ್ತಿ ನೋಡಿದ್ದೇನೆ.

ಕಾಂಕ್ರೀಟ್ ರಸ್ತೆ ಜಜ್ಜಿ ಹೋಗಲ್ಲ, ಬಾಗಿ ಮುರಿಯುತ್ತೆ. ಎಂ30 ದರ್ಜೆ ಕಾಂಕ್ರೀಟಿನ ಕ್ಯೂಬ್, ಅಂದ್ರೆ ಪರೀಕ್ಷೆಗೆ ಅಂತ ಹಾಕಿದ ಘನ, 28 ದಿನಕ್ಕೆ 30 ಮೆಗಾಪ್ಯಾಸ್ಕಲ್ ಒತ್ತಡ ತಡೆಯಬೇಕು. ಅದೇ ಕಾಂಕ್ರೀಟನ್ನು ತೊಲೆ ಮಾಡಿ ಬಗ್ಗಿಸಿದರೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಸೂತ್ರದಲ್ಲಿ ಸಿಗೋದು 3.8 ಅಷ್ಟೇ. ಅಡಿಗೆ ಗಟ್ಟಿ ನೆಲ ಇದ್ದರೆ ಲಾರಿಯ ಭಾರ ಹಂಚಿಹೋಗುತ್ತೆ, ಬಾಗೋದೇ ಕಡಿಮೆ. ಅಡಿ ಟೊಳ್ಳಾಯಿತೋ, ಎಂ40 ಹಾಕಿದರೂ ಅದರ ಬಾಗುವ ಶಕ್ತಿ 4.4ಕ್ಕೆ ನಿಲ್ಲುತ್ತೆ. ಚೀಲ ಜಾಸ್ತಿ ಹಾಕಿ ಗಳಿಸೋದು ಇಷ್ಟೇ ನೋಡಿ.

ಹಾಗಾಗಿ ಕೆಲಸ ಇರೋದು ಮಳೆ ಇಲ್ಲದ ತಿಂಗಳಲ್ಲಾದರೂ ಜಾಗ ನೋಡೋಕೆ ಹೋಗೋದು ಆಷಾಢದ ಮಳೆಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತೆ. ಸುತ್ತಲಿನ ಊರುಗಳಲ್ಲೂ ಜುಲೈ ಹೊತ್ತಿಗೆ ಧರೆಯ, ಅಂದ್ರೆ ರಸ್ತೆ ಪಕ್ಕ ಕಡಿದ ಗುಡ್ಡದ, ಬುಡದಲ್ಲೆಲ್ಲ ಜಲ ಏಳುತ್ತೆ. ಮಾರ್ಚಿನಲ್ಲಿ ಬಂದು ನೋಡಿದವರಿಗೆ ಅಲ್ಲಿ ಒಣ ಕೆಮ್ಮಣ್ಣು ಬಿಟ್ಟು ಏನೂ ಕಾಣಲ್ಲ. ನಾನು ಮಳೆಯಲ್ಲಿ ಒಸರುವ ಜಾಗಗಳ ಫೋಟೋ ತೆಗೆದು ಇಟ್ಟುಕೊಳ್ಳುತ್ತೇನೆ. ಧರೆ ಕಡೆಯ ಚರಂಡಿಯ ತಳ, ರಸ್ತೆ ಅಡಿಯ ಜಲ್ಲಿ ಪದರದ ತಳಕ್ಕಿಂತ ಕೆಳಗಿರಲೇಬೇಕು. ಜಲ್ಲಿ ಪದರವನ್ನು ಇಳಿಜಾರಿನ ಕಡೆ ಅಂಚಿನವರೆಗೂ ಎಳೆದು ಬಿಡುತ್ತೇನೆ. ಎರಡೂ ಕಡೆ ಮಣ್ಣು ಮುಚ್ಚಿ ಪೆಟ್ಟಿಗೆ ಥರ ಮಾಡಿದರೆ ಒಳಗೆ ಬಂದ ನೀರು ಅಲ್ಲೇ ನಿಲ್ಲುತ್ತೆ. ಅದರ ಮೇಲೆ ಗಾಡಿ ಹೋದಾಗ ನೀರು ಜಾಯಿಂಟಿನಿಂದ, ಅಂದ್ರೆ ಕಾಂಕ್ರೀಟ್ ಚಪ್ಪಡಿಗಳ ನಡುವೆ ಕೊಯ್ದು ಬಿಟ್ಟ ಸೀಳಿನಿಂದ, ಚಿಮ್ಮುತ್ತೆ, ಜೊತೆಗೆ ನುಣ್ಣನೆ ಮಣ್ಣನ್ನೂ ಹೊತ್ತು ತರುತ್ತೆ. ಮಳೆಗಾಲದಲ್ಲಿ ಜಾಯಿಂಟ್ ಪಕ್ಕ ಕೆಂಪು ರಾಡಿಯ ಕಲೆ ಕಂಡರೆ ಅಡಿ ಖಾಲಿಯಾಗುತ್ತಿದೆ ಅಂತಲೇ ಅರ್ಥ.

ಇದಕ್ಕೆ ಇನ್ನೊಂದು ಸೇರುತ್ತೆ. ರಾತ್ರಿ ಚಪ್ಪಡಿಯ ಮೇಲ್ಮೈ ತಣ್ಣಗಾಗಿ ಕುಗ್ಗುತ್ತೆ, ತಳ ಇನ್ನೂ ಬೆಚ್ಚಗಿರುತ್ತೆ, ಆಗ ಒಣಗಿದ ಹಪ್ಪಳದ ಹಾಗೆ ಮೂಲೆಗಳು ಮೇಲೇಳುತ್ತವೆ. ಚಳಿಗಾಲದ ಬೆಳಗಿನ ಜಾವ ತುಂಬಿದ ಲಾರಿ ಆ ಮೂಲೆ ಮೇಲೆ ಹತ್ತಿದರೆ ಅಡಿಗೆ ಆಸರೆ ಇರಲ್ಲ. ಕಾಂಕ್ರೀಟ್ ರಸ್ತೆಯ ಲೆಕ್ಕ ಹಾಕಿದ ಎಂಜಿನಿಯರ್ ವೆಸ್ಟರ್‌ಗಾರ್ಡ್ 1926ರಲ್ಲೇ ಚಪ್ಪಡಿಯ ನಡು, ಅಂಚು, ಮೂಲೆ ಮೂರಕ್ಕೂ ಬೇರೆ ಬೇರೆ ಲೆಕ್ಕ ಕೊಟ್ಟಿದ್ದು ಸುಮ್ನೆ ಅಲ್ಲ. ಮೂಲೆ ಒಡೆದ ಚಪ್ಪಡಿ ನೋಡಿದಾಗಲೆಲ್ಲ ನನಗೆ ಆ ಲೆಕ್ಕ ಕಣ್ಣಿಗೆ ಕಟ್ಟುತ್ತೆ.

ಕಾಂಕ್ರೀಟ್ ಹಾಕುವ ದಿನದ ದೊಡ್ಡ ಜಗಳವೂ ನೀರಿನದ್ದೇ. "ಹರಿಯಲ್ಲ ಸಾರ್, ಒಂದ್ ಬಕೆಟ್ ಬಿಡ್ಲಾ?" ಅಂತ ಮೇಸ್ತ್ರಿ ಕೇಳುತ್ತಲೇ ಇರುತ್ತಾರೆ. ಏರಿನಲ್ಲಿ ಅದು ಹರಿಯಬಾರದು, ನಿಲ್ಲಬೇಕು. ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡು ಹೋಗೋದು, ವೈಬ್ರೇಟರ್ ಸರಿಯಾಗಿ ಬಿಡೋದು, ಅಷ್ಟು ಮಾಡಿದರೆ ಗಟ್ಟಿ ಮಾಲೂ ಕೂರುತ್ತೆ. ಎಂ ಸ್ಯಾಂಡ್ ರಾಶಿ ರಾತ್ರಿ ಇಬ್ಬನಿಗೆ ನೆನೆದಿದ್ದರೆ ಮೊದಲ ಮಿಕ್ಸಿಗೆ ನೀರು ಇನ್ನೂ ಕಡಿಮೆ ಬೇಕು. ಅಡಿಗೆ 125 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. ಅದು ಚಪ್ಪಡಿ ಜಾರಲಿ ಅಂತ, ಅಂದ್ರೆ ಕುಗ್ಗುವಾಗ ನೆಲ ಹಿಡಿದು ಎಳೆಯದಿರಲಿ ಅಂತ.

ಈಗ ಜಾಯಿಂಟ್ ವಿಷಯ. ನೂರು ಮೀಟರ್ ಕಾಂಕ್ರೀಟ್ 20 ಡಿಗ್ರಿ ತಣ್ಣಗಾದರೆ ಸುಮಾರು 20 ಮಿಲಿಮೀಟರ್ ಕುಗ್ಗುತ್ತೆ. ಒಣಗಿ ಕುಗ್ಗೋದು ಬೇರೆ. ಬಿರುಕು ಬಂದೇ ಬರುತ್ತೆ, ಎಲ್ಲಿ ಬರಬೇಕು ಅಂತ ನಾವು ಹೇಳಬೇಕು ಅಷ್ಟೇ. ಹಳ್ಳಿ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ ಎಸ್‌ಪಿ 62 ನೋಡಿಕೊಂಡು ಮೂರು ಮೂರು ಮೀಟರಿಗೆ ಅಡ್ಡ ಕೊಯ್ಯುತ್ತೇವೆ, ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳ. 180 ಮಿಲಿಮೀಟರ್ ಚಪ್ಪಡಿಗೆ 45ರಿಂದ 60. ಒಂದು ಕಡೆ ರಾತ್ರಿ ಮಷಿನ್ ಶುರು ಮಾಡಿದಾಗ ಪಕ್ಕದ ತೋಟದ ಯಜಮಾನರು ಟಾರ್ಚ್ ಹಿಡಿದು ಓಡಿ ಬಂದರು. "ಎಂತಕ್ಕೆ ಮಾರಾಯ್ರೆ, ಬೆಳಿಗ್ಗೆ ಹಾಕಿದ್ ರಸ್ತೆ ರಾತ್ರಿ ಕೊಯ್ತಿದೀರಿ?" ವಿವರಿಸಿದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ, ಆದ್ರೆ ಚಹಾ ಕಳಿಸಿದರು.

ಯಾವಾಗ ಕೊಯ್ಯಬೇಕು ಅನ್ನೋದನ್ನು ಗಡಿಯಾರ ಹೇಳಲ್ಲ. ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೇ ಸಿದ್ಧ. ಡಿಸೆಂಬರ್ ಚಳಿಯಲ್ಲಿ, ಅದರಲ್ಲೂ ಹಾರುಬೂದಿ ಸೇರಿದ ಪಿಪಿಸಿ ಸಿಮೆಂಟಾದರೆ ಮಾರನೇ ದಿನದವರೆಗೂ ಕಾಯಬೇಕಾಗಬಹುದು. ನಾನು ಮೊಳೆ ತಗೊಂಡು ಅಂಚಿನಲ್ಲಿ ಗೀರಿ ನೋಡುತ್ತೇನೆ. ಆಳವಾಗಿ ಉಳುಮೆ ಆದರೆ ಹಸಿ. ಬಿಳಿ ಗೆರೆ ಮಾತ್ರ ಮೂಡಿದರೆ ಒಂದು ಅಡಿ ಕೊಯ್ದು ಅಂಚು ನೋಡೋದು. ಬ್ಲೇಡಿನ ಪಕ್ಕ ಜಲ್ಲಿ ಕಿತ್ತು ಬರುತ್ತಿದ್ದರೆ ನಿಲ್ಲಿಸಿ ಕಾಯುತ್ತೇವೆ, ಅಂಚು ಚೊಕ್ಕವಾಗಿ ಬಂದರೆ ಮುಂದುವರಿಸುತ್ತೇವೆ. ಹೊತ್ತು ಮೀರುವ ಭಯ ಇದ್ದರೆ ಮೊದಲು ಮೂರಕ್ಕೊಂದು ಜಾಯಿಂಟ್ ಕೊಯ್ದು, ಬಿಗಿತ ಬಿಡಿಸಿ, ಆಮೇಲೆ ಉಳಿದದ್ದಕ್ಕೆ ವಾಪಸ್ ಬರೋದು. ಬದಲಿ ಬ್ಲೇಡ್ ಮತ್ತು ಪೆಟ್ರೋಲ್ ಸೈಟಲ್ಲೇ ಇರಲಿ. ರಾತ್ರಿ ಹನ್ನೊಂದಕ್ಕೆ ಹೊಸನಗರದಲ್ಲಿ ಯಾವ ಅಂಗಡಿಯೂ ತೆಗೆಯಲ್ಲ.

ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಟ್ಟು ಕ್ಯೂರಿಂಗ್ ಮಾಡೋಕೆ ಏರಿನಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸೋದು ಆಗಲ್ಲ, ಒದ್ದೆ ಗೋಣಿಚೀಲವೇ ಗತಿ. ಕಡಿಮೆ ಅಂದ್ರೂ 14 ದಿನ, ಪಿಪಿಸಿ ಆದರೆ ಇನ್ನೂ ಜಾಸ್ತಿ ಒಳ್ಳೆಯದು. ಮೂರು ದಿನಕ್ಕೇ ಬೈಕ್ ಬಿಡಿ ಅಂತ ಗಲಾಟೆ ಇದ್ದೇ ಇರುತ್ತೆ. ಶಿರಾಡಿ ಘಾಟಿಯಲ್ಲಿ 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ ಕಾಂಕ್ರೀಟ್ ಮಾಡಿದ್ದನ್ನು ನೆನಪಿಸುತ್ತೇನೆ. ಸ್ವಲ್ಪ ಜನ ಒಪ್ಪುತ್ತಾರೆ.

ನಂತರದ ಆರೈಕೆ ದೊಡ್ಡದೇನಲ್ಲ, ಆದ್ರೆ ಯಾರೂ ಮಾಡಲ್ಲ. ಮೇ ತಿಂಗಳಲ್ಲಿ ಜಾಯಿಂಟಿನ ಕಸ ಕೆರೆದು, ಒಣಗಿಸಿ, ಹೊಸದಾಗಿ ಸೀಲ್ ಮಾಡಬೇಕು. ಕಲ್ಲುಚೂರು ಒಳಗೆ ಸಿಕ್ಕಿಕೊಂಡರೆ ಬಿಸಿಲಿಗೆ ಚಪ್ಪಡಿ ಹಿಗ್ಗುವಾಗ ಅಂಚು ಸಿಡಿಯುತ್ತೆ. ಮರದ ನೆರಳಿರುವ ಕಡೆ ಪಾಚಿ ಕಟ್ಟುತ್ತೆ, ಅದಕ್ಕೇ ಹಸಿ ಇದ್ದಾಗ ಅಡ್ಡಲಾಗಿ ಬ್ರಷ್ ಎಳೆದು ಗೀರು ಬಿಡೋದು. ಉದ್ದಕ್ಕೆ ಬಂದ ಬಿರುಕು ಅಗಲವಾಗುವ ಮೊದಲೇ ಎರಡೂ ಕಡೆಯಿಂದ ಓರೆಯಾಗಿ ತೂತು ಕೊರೆದು, ಕಬ್ಬಿಣದ ಸರಳು ಇಟ್ಟು ಎಪಾಕ್ಸಿ ತುಂಬಿದರೆ ಹಿಡಿದು ನಿಲ್ಲುತ್ತೆ.

ಇಷ್ಟೆಲ್ಲ ಮಾಡಿದ ಮೇಲೆ ನಲ್ಲಿ ಪೈಪಿಗೆ ಅಂತ ರಸ್ತೆ ಅಗೆಯುವವರು ಬರುತ್ತಾರೆ. ಅಗೆದ ಜಾಗಕ್ಕೆ ಮಣ್ಣು ತುಂಬಿ ಮೇಲೆ ನಾಲ್ಕು ಬಾಂಡ್ಲಿ ಕಾಂಕ್ರೀಟ್ ಸುರಿದು ಹೋಗುತ್ತಾರೆ, ಮುಂದಿನ ಮಳೆಯ ನೀರೆಲ್ಲ ಅಲ್ಲಿಂದಲೇ ಒಳಗೆ. ಜಗಳ ಆಡಿ ಪ್ರಯೋಜನ ಇಲ್ಲ. ಈಗ ಕಾಂಕ್ರೀಟ್ ಹಾಕುವ ಮುಂಚೆಯೇ ಮನೆಗಳಿರುವ ಕಡೆ ನಾಲ್ಕಿಂಚಿನ ಪಿವಿಸಿ ಪೈಪ್ ಅಡ್ಡಕ್ಕೆ ಹೂತು, ಎರಡೂ ಬಾಯಿ ಮುಚ್ಚಿ, ಚರಂಡಿ ಗೋಡೆ ಮೇಲೆ ಕೆಂಪು ಪೇಂಟಿನಲ್ಲಿ ಗುರುತು ಹಾಕಿ, ಪಂಚಾಯಿತಿ ಸದಸ್ಯರಿಗೂ ವಾಟರ್‌ಮ್ಯಾನ್‌ಗೂ ತೋರಿಸಿ ಬರುತ್ತೇನೆ.