ಥಂಡರ್‌ಬರ್ಡ್‌ನಲ್ಲಿ ಸ್ಪಾಮ್ ತಡೆದೆ, ಜೊತೆಗೆ ಗೊಬ್ಬರದ ಬಿಲ್ಲೂ ತಡೆದೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಅಕೌಂಟ್ಸ್ ಆಫೀಸು. ಸುಮಾರು 40 ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಬಿಲ್ಲುಗಳು ಬರುವುದು ಮೇಲ್‌ಗೆ. ಆ ಮೇಲ್ ನೋಡುವುದು ಥಂಡರ್‌ಬರ್ಡ್ ಎಂಬ ಪುಕ್ಸಟ್ಟೆ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ. ಹೋದ ವರ್ಷ ಅದೇ ಮೇಲ್‌ಗೆ ದಿನಕ್ಕೆ ನೂರರ ಮೇಲೆ ಸ್ಪಾಮ್ ಬೀಳತೊಡಗಿತು. ರಿಪೇರಿ ಹುಡುಗ ನೋಡಿ, "ಮೇಡಂ, ಇದೆಲ್ಲ ಪುಕ್ಸಟ್ಟೆ ಫಿಲ್ಟರ್‌ಗೆ ನಿಲ್ಲಲ್ಲ. ವರ್ಷಕ್ಕೆ ₹4,500ದ್ದು ಒಂದಿದೆ, ಹಾಕಿಸ್ಬಿಡಿ" ಎಂದ. ನನಗೆ ಹಟ ಬಂತು.

ಮೊದಲು ಒಂದೊಂದೇ ವಿಳಾಸ ಬ್ಲಾಕ್ ಮಾಡುತ್ತಾ ಕೂತೆ. ದಂಡ. ಇವತ್ತು ಬಂದ ವಿಳಾಸ ನಾಳೆ ಇರುವುದಿಲ್ಲ. ಆದರೆ ಬಾಲ ಮಾತ್ರ ಅದೇ: ಡಾಟ್ ಟಾಪ್, ಡಾಟ್ ಕ್ಲಿಕ್, ಡಾಟ್ ಐಸಿಯು. ನನ್ನ ಗಿರಾಕಿಗಳಲ್ಲಿ ಇಂಥ ವಿಳಾಸ ಇಟ್ಟುಕೊಂಡವರು ಒಬ್ಬರೂ ಇಲ್ಲ. ಸರಿ, ಬಾಲಕ್ಕೇ ಕತ್ತರಿ ಹಾಕೋಣ ಅಂತ ಒಂಬತ್ತು ಬಾಲಗಳ ಫಿಲ್ಟರ್ ಬರೆದೆ. ಎರಡು ವಾರ ಒಂದೂ ಸಿಗಲಿಲ್ಲ. ನೋಡಿದರೆ 'ಮ್ಯಾಚ್ ಎನಿ' (ಯಾವುದಾದರೂ ಒಂದಿದ್ದರೆ ಸಾಕು) ಬದಲು 'ಮ್ಯಾಚ್ ಆಲ್' (ಎಲ್ಲವೂ ಇರಬೇಕು) ಹಾಗೇ ಬಿಟ್ಟಿದ್ದೆ. ಒಂದೇ ಮೇಲ್‌ಗೆ ಒಂಬತ್ತು ಬಾಲ ಎಲ್ಲಿಂದ ಬರಬೇಕು?

ಅದನ್ನು ಸರಿಮಾಡಿದ ಮೇಲೆ ಶುರುವಾಯಿತು ನಿಜವಾದ ಎಡವಟ್ಟು. 'ಎಂಡ್ಸ್ ವಿತ್' (ಕೊನೆಯಲ್ಲಿದ್ದರೆ ಮಾತ್ರ) ಅನ್ನುವ ಕಡೆ 'ಕಂಟೇನ್ಸ್' (ಎಲ್ಲಿದ್ದರೂ ಸರಿ) ಹಾಕಿದ್ದೆ, ಐಸಿಯು ಹಿಂದಿನ ಚುಕ್ಕಿಯನ್ನೂ ಬಿಟ್ಟಿದ್ದೆ. ಸಿಕ್ಕಿದ್ದನ್ನೆಲ್ಲ ನೇರ ಟ್ರ್ಯಾಶ್‌ಗೆ ಕಳಿಸು ಎಂದೂ ಹೇಳಿದ್ದೆ. ನನ್ನ ಗಿರಾಕಿ ಒಬ್ಬರದು ಗೊಬ್ಬರದ ಅಂಗಡಿ, ಅವರ ವಿಳಾಸದಲ್ಲಿ ಅಗ್ರಿಕಲ್ಚರ್ ಎಂದಿದೆ. ಇಂಗ್ಲಿಷಿನಲ್ಲಿ ಬರೆದು ನೋಡಿ, ನಡುವೆ ಐ, ಸಿ, ಯು ಮೂರೂ ಸಾಲಾಗಿ ಕೂತಿವೆ! ಅವರ ಬಿಲ್ಲುಗಳು 15ಕ್ಕೇ ಬಂದು ಟ್ರ್ಯಾಶ್ ಸೇರಿದ್ದವು. ಅವರದು ಯಾವತ್ತೂ ತಡ ಅಂತ ನಾನೂ ಸುಮ್ನಿದ್ದೆ. 3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನ್‌ಗೆ 20 ಕೊನೇ ದಿನ. 26ಕ್ಕೆ ಅವರೇ ಫೋನ್ ಮಾಡಿ, "ಅವತ್ತೇ ಕಳ್ಸೀನಲ್ರೀ ಮೇಡಂ" ಎಂದಾಗಲೇ ಹುಡುಕಿದ್ದು. ದಿನಕ್ಕೆ ₹50ರಂತೆ ಆರು ದಿನದ ಲೇಟ್ ಫೀ ₹300, ಮೇಲೆ ತೆರಿಗೆಗೆ ವರ್ಷಕ್ಕೆ ಶೇ. 18ರಂತೆ ಬಡ್ಡಿ. ಒಟ್ಟು ಏಳೆಂಟು ನೂರು ನನ್ನ ಕೈಯಿಂದಲೇ ಕಟ್ಟಿದೆ.

ಅವತ್ತಿಂದ ಕ್ರಮ ಬದಲಾಯಿಸಿದೆ. ಮೊದಲ ಫಿಲ್ಟರ್ ತಡೆಯುವುದಕ್ಕಲ್ಲ, ಬಿಡುವುದಕ್ಕೆ. ಕಳಿಸಿದವರು ಅಡ್ರೆಸ್ ಬುಕ್‌ನಲ್ಲಿದ್ದರೆ 'ಸ್ಟಾಪ್ ಫಿಲ್ಟರ್ ಎಕ್ಸಿಕ್ಯೂಷನ್' (ಮುಂದಿನ ಫಿಲ್ಟರ್‌ಗಳು ಅದನ್ನು ಮುಟ್ಟಬಾರದು), ಅಷ್ಟೆ. ಬಾಲ ಕತ್ತರಿಸುವುದು ಅದರ ಕೆಳಗೆ. ಆದರೆ ಅಡ್ರೆಸ್ ಬುಕ್‌ನಲ್ಲಿ ನಿಮ್ಮ ಸ್ವಂತ ವಿಳಾಸ ಇದ್ದರೆ ತೆಗೆಯಿರಿ. ನನ್ನದೇ ಹೆಸರು ಹಾಕಿಕೊಂಡು ನನಗೇ ಬಂದ ಕಳ್ಳ ಮೇಲ್‌ಗಳು ರಾಜಾರೋಷವಾಗಿ ಒಳಗೆ ಬಂದಿದ್ದು ಅದರಿಂದಲೇ. ಟ್ರ್ಯಾಶ್ ಬದಲು 'ಕಸ' ಅಂತ ಒಂದು ಫೋಲ್ಡರ್ ಮಾಡಿದ್ದೇನೆ. ಶನಿವಾರ ಟೀ ಕುಡಿಯುತ್ತಾ ಒಮ್ಮೆ ಕಣ್ಣಾಡಿಸಿದರೆ ಸಾಕು.

ನಡುವೆ ಒಂದು ಹುಚ್ಚಾಟ. ವಿದೇಶಿ ಲಿಪಿಯ ಡೊಮೇನ್‌ಗಳು ಒಳಗೆ ಎಕ್ಸ್, ಎನ್, ಎರಡು ಅಡ್ಡಗೆರೆ ಇಟ್ಟು ಶುರುವಾಗುತ್ತವಲ್ಲ, ಅವನ್ನೂ ತಡೆದೆ. ಆಮೇಲೆ ನಮ್ಮ ಕನ್ನಡದ ಡಾಟ್ ಭಾರತವೂ ಒಳಗೆ ಹಾಗೇ ಇರುತ್ತದೆ ಅಂತ ಹೊಳೆದು ಅಳಿಸಿದೆ. ಅನ್‌ಸಬ್‌ಸ್ಕ್ರೈಬ್ ಒತ್ತಿಯೂ ನೋಡಿದೆ, ಹತ್ತಕ್ಕೆ ಒತ್ತಿದ ಮೇಲೆ ಇನ್ನೂ ಜಾಸ್ತಿ ಬಂದವು.

ಇಷ್ಟಾದರೂ ದಿನಕ್ಕೆ ಇಪ್ಪತ್ತು ನುಸುಳುತ್ತಿದ್ದವು. ಆಗ ಒಂದು ಹೆಡರ್ (ಮೇಲ್‌ನ ಜೊತೆ ಕಣ್ಣಿಗೆ ಕಾಣದಂತೆ ಬರುವ ವಿವರ) ನೋಡಿ ತಡೆಯುವ ಒಂದು ಸಾಲನ್ನು ಫಿಲ್ಟರ್‌ಗೆ ಸೇರಿಸಿದೆ. ಯಾವ ಹೆಡರ್ ಅಂತ ಕೇಳಬೇಡಿ. ಈಗ ಐದಾರು ಬಂದರೆ ಹೆಚ್ಚು. ಫೋನಿನಲ್ಲಿ ಮಾತ್ರ ಮೊದಲು ಸ್ಪಾಮೇ ಕಾಣುತ್ತದೆ, ಯಾಕೆಂದರೆ ಥಂಡರ್‌ಬರ್ಡ್ ತೆರೆದಿದ್ದರೆ ತಾನೇ ಫಿಲ್ಟರ್ ಓಡುವುದು. ಅದಕ್ಕೇ ಆಫೀಸಿನ ಸಿಸ್ಟಮ್ ಆಫ್ ಮಾಡುವುದಿಲ್ಲ. ಕರೆಂಟ್ ಬಿಲ್ ತಿಂಗಳಿಗೆ ನೂರೈವತ್ತು ಏರಿರಬಹುದು.

ಮೊನ್ನೆ ಪ್ರಿಂಟರ್ ನೋಡಲು ಬಂದ ಅದೇ ಹುಡುಗ, "ಮೇಡಂ, ಆ ಫಿಲ್ಟರ್ ಫೈಲ್ ಪೆನ್‌ಡ್ರೈವ್‌ಗೆ ಹಾಕ್ಕೊಡಿ" ಎಂದ. ಕೊಟ್ಟೆ. ಅದರೊಳಗೆ ನನ್ನ ಫೋಲ್ಡರ್‌ನ ದಾರಿಯೇ ಬರೆದಿರುತ್ತದೆ, ಬದಲಾಯಿಸಿಕೋ ಎಂದೂ ಹೇಳಿದೆ. ಆ ಹೆಡರ್ ಸಾಲನ್ನು ಮಾತ್ರ ಮೊದಲೇ ಅಳಿಸಿದ್ದೆ.