ಹಾಲು ಒಗ್ಗದವರಿಗೂ ಮೊಸರು ಒಗ್ಗುವುದು ಹೇಗೆ?

ದಾವಣಗೆರೆಯಲ್ಲಿ ಬೆಣ್ಣೆಗೆ ಇರುವ ಹೆಸರು ಮಜ್ಜಿಗೆಗೆ ಇಲ್ಲ. ಆದರೆ ಮೊಸರು ಕಡೆದಾಗ ಬೆಣ್ಣೆಗೆ ಹೋಗುವುದು ಹೆಚ್ಚಾಗಿ ಕೊಬ್ಬು. ಕ್ಯಾಲ್ಸಿಯಂ, ಪ್ರೋಟೀನ್ ಬಹುಪಾಲು ಮಜ್ಜಿಗೆಯಲ್ಲೇ ಉಳಿಯುತ್ತವೆ. ದೋಸೆ ತಿಂದು ಒಂದು ಲೋಟ ಮಜ್ಜಿಗೆ ಕುಡಿದರೆ ಒಳಗೆ ಏನೇನಾಗುತ್ತದೆ, ನೋಡೋಣ.

ಕೆಲಸ ಶುರುವಾಗುವುದು ಹಿಂದಿನ ರಾತ್ರಿ, ಪಾತ್ರೆಯಲ್ಲೇ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುತ್ತೀರಿ. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನಲ್ಲಿ ಒಂದು ಪಾಲನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಏರಿ ಪಿಎಚ್ (ಹುಳಿಯ ಅಳತೆ, ಹುಳಿ ಏರಿದಷ್ಟೂ ಇದು ಇಳಿಯುತ್ತದೆ) 4.6ರ ಹತ್ತಿರ ಬಂದಾಗ ಕೇಸೀನ್ ಎಂಬ ಪ್ರೋಟೀನ್ ಗಟ್ಟಿಯಾಗುತ್ತದೆ. ಬೆಳಿಗ್ಗೆ ಮೊಸರು ತೆಗೆದ ಕುಳಿಯಲ್ಲಿ ಹಸಿರು ಮಿಶ್ರಿತ ಹಳದಿ ನೀರು ನಿಲ್ಲುತ್ತೆ ಅಲ್ವಾ? ಅದನ್ನು ಸುಮ್ನೆ ಚೆಲ್ಲಬೇಡಿ. ಆ ಬಣ್ಣ ಬಿ2 ವಿಟಮಿನ್‌ನದು.

ಬಾಯಲ್ಲಿ ಮೊಸರಿಗೆ ಜಾಸ್ತಿ ಕೆಲಸವಿಲ್ಲ. ಜಠರದಲ್ಲಿ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ (ಎನ್‌ಜೈಮ್) ಪ್ರೋಟೀನನ್ನು ತುಂಡು ಮಾಡುತ್ತವೆ. ಗಟ್ಟಿ ಮೊಸರು ಹಾಲಿಗಿಂತ ನಿಧಾನವಾಗಿ ಮುಂದೆ ಸಾಗುತ್ತದೆ. ಇದರಿಂದ ಕರುಳಿಗೆ ಬಿಡುವು ಸಿಗುತ್ತದೆ.

ನಿಜವಾದ ಕೆಲಸ ನಡೆಯುವುದು ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ. ಲ್ಯಾಕ್ಟೋಸ್ ಒಡೆಯಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ದೊಡ್ಡವರಾದ ಮೇಲೆ ಎಷ್ಟೋ ಜನರಲ್ಲಿ ಇದು ಕಡಿಮೆಯಾಗುತ್ತದೆ. ಹಾಗಾಗಿ ಹಾಲು ಕುಡಿದರೆ ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಅಲ್ಲಿ ಹುದುಗಿ, ಹೊಟ್ಟೆ ಉಬ್ಬರಿಸುತ್ತದೆ. ಮೊಸರಿನಲ್ಲಿ ಸಿಗುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್‌ನಂಥ ಬ್ಯಾಕ್ಟೀರಿಯಾ ಈ ಸಕ್ಕರೆ ಒಡೆಯುವ ಕಿಣ್ವವನ್ನು ಒಳಗಿಟ್ಟುಕೊಂಡೇ ಬರುತ್ತವೆ. ಪಿತ್ತರಸ ಅವುಗಳ ಹೊರಪದರವನ್ನು ಸಡಿಲ ಮಾಡಿದಾಗ ಆ ಕಿಣ್ವ ಕೆಲಸಕ್ಕೆ ಇಳಿಯುತ್ತದೆ. ಲ್ಯಾಕ್ಟೋಸ್ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆದು ರಕ್ತಕ್ಕೆ ಸೇರುತ್ತದೆ. ಹೊರಗಿನಿಂದ ಬಂದ ಜೀವಿ ನಮ್ಮ ಕೆಲಸಕ್ಕೆ ಕೈ ಜೋಡಿಸುವುದು ನನಗಂತೂ ಬಹಳ ಇಷ್ಟದ ಸಂಗತಿ.

ಪ್ರೋಟೀನ್ ಅಮೈನೋ ಆಮ್ಲಗಳೆಂಬ ಸಣ್ಣ ತುಣುಕುಗಳಾಗಿ ರಕ್ತಕ್ಕೆ ಹೋಗುತ್ತದೆ. ಕ್ಯಾಲ್ಸಿಯಂ ಹೀರಲು ವಿಟಮಿನ್ ಡಿ ನೆರವು ಬೇಕು. ಬಿ12 ಮಾತ್ರ ಸಣ್ಣ ಕರುಳಿನ ಕೊನೆಯವರೆಗೂ ಸಾಗಬೇಕು. ಜಠರದಲ್ಲಿ ತಯಾರಾಗುವ ಒಂದು ಪ್ರೋಟೀನ್ ಅದನ್ನು ಹಿಡಿದು ಒಯ್ಯುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಬಿ12ಗೆ ಹಾಲು, ಮೊಸರೇ ಮುಖ್ಯ ಆಸರೆ.

ಬ್ಯಾಕ್ಟೀರಿಯಾದ ಕಿಣ್ವದ ನೆರವು ಸಿಗಬೇಕೆಂದರೆ ಮೊಸರನ್ನ ಕಲಸುವಾಗ ಅನ್ನ ಆರಲಿ. ಹಬೆಯಾಡುವ ಅನ್ನಕ್ಕೆ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಕಿಣ್ವವೂ ಕೆಡುತ್ತದೆ. ಕುದಿಸಿದ ಮಜ್ಜಿಗೆ ಹುಳಿಯಲ್ಲೂ ಪ್ರೋಟೀನ್, ಕ್ಯಾಲ್ಸಿಯಂ ಇರುತ್ತವೆ. ಆದರೆ ಹಾಲು ಒಗ್ಗದವರಿಗೆ ಬೇಕಾದ ಆ ನೆರವು ಇರುವುದಿಲ್ಲ. ಹಾಲಿನ ಪ್ರೋಟೀನ್‌ಗೇ ಅಲರ್ಜಿ ಇರುವವರ ಕಥೆ ಬೇರೆ. ಅವರು ವೈದ್ಯರನ್ನು ಕೇಳದೆ ಮೊಸರನ್ನೂ ಮುಟ್ಟಬಾರದು.