ತಟ್ಟೆ ಬಡಿದು ಕಾಗೆ, ಕೈ ಊದಿ ಗೂಬೆ: ನನ್ನ ಅನುಭವ

2024ರ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಿದ್ದಿತ್ತು. ಗಾಂಧಿ ಜಯಂತಿ ಅಂತ ಬೆಂಗಳೂರಲ್ಲಿ ಮಾಂಸದ ಅಂಗಡಿ ಬಂದ್. ಹಿಂದಿನ ದಿನವೇ ಮಟನ್ ತಂದಿಟ್ಟಿದ್ದೆವು. ಮಧ್ಯಾಹ್ನ ಬಾಳೆಎಲೆಗೆ ಮುದ್ದೆ, ಸಾರು, ವಡೆ, ಕಜ್ಜಾಯ ಬಡಿಸಿಕೊಂಡು ಟೆರೇಸ್ ಹತ್ತಿದೆ. ಚಿಕ್ಕಪ್ಪ ಹಿಂದೆಯೇ ಬಂದರು. “ಈ ಊರಲ್ಲಿ ಕಾಗೆ ಎಲ್ ಬತ್ತವವ್ವ, ಹಸೂಗೆ ಇಟ್ಬುಟ್ಟು ಕೆಳಗೆ ಬಾ” ಅಂದರು. ನಾನು ಸ್ಟೀಲ್ ತಟ್ಟೆಗೆ ಚಮಚದಿಂದ ಮೂರು ಸಲ ಬಡಿದು ಬೆನ್ನು ತಿರುಗಿಸಿ ನಿಂತೆ. ನಾಲ್ಕೋ ಐದೋ ನಿಮಿಷ ಆಗಿರಬೇಕು. ಮೊದಲು ಒಂದು ಬಂತು, ಆಮೇಲೆ ಮೂರು. ಎಲೆ ಖಾಲಿಯಾಗುವ ಹೊತ್ತಿಗೆ ಹನ್ನೊಂದೋ ಹನ್ನೆರಡೋ ಕಾಗೆಗಳಿದ್ದವು.

ಆ ನಾಲ್ಕು ನಿಮಿಷಕ್ಕೆ ಐದು ವರ್ಷ ಹಿಡಿಯಿತು. ಆಗಲ್ಲ ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಹೋಗಿದ್ದು 2019ರಲ್ಲಿ. ಮೂರನೇ ದಿನ ಹಾಲು ತುಪ್ಪಕ್ಕೆ ಎಡೆ ಇಟ್ಟು ಕಾದೆವು. ಒಂದೂವರೆ ಗಂಟೆ ಆದರೂ ಒಂದು ಕಾಗೆ ಇಳಿಯಲಿಲ್ಲ. ಬಿಸಿಲು ಏರುತ್ತಿತ್ತು. “ಏನೋ ಆಸೆ ಉಳ್ಕೊಂಡೈತೆ” ಅಂತ ಯಾರೋ ಹಿಂದೆ ನಿಂತು ಪಿಸುಗುಟ್ಟಿದರು. ಅಮ್ಮ ಅದನ್ನು ಕೇಳಿಸಿಕೊಂಡರು. ಬರೀ ಕೈ ಊದಿ ಗೂಬೆ ಕರೆಸುತ್ತಿದ್ದ ಮನುಷ್ಯ ನಮ್ಮಪ್ಪ. ಅವರ ಎಡೆಗೆ ಒಂದು ಕಾಗೆ ಬರಲಿಲ್ಲ ಅನ್ನುವುದು ನನಗೆ ವರ್ಷಗಟ್ಟಲೆ ಕೊರೆಯಿತು.

ನಮ್ಮದು ಮಾಗಡಿ ಕಡೆ ಊರು. ಹೊಲದಲ್ಲಿ ನಿಂತರೆ ಸಾವನದುರ್ಗದ ಬಂಡೆ ಎದುರಿಗೇ ಕಾಣುತ್ತದೆ. ಸುಗ್ಗಿಯಲ್ಲಿ ರಾಗಿ ಕಣ ಕಾಯಲು ಅಪ್ಪ ರಾತ್ರಿ ಅಲ್ಲೇ ಮಲಗುತ್ತಿದ್ದರು. ನನಗೆ ಏಳೆಂಟು ವರ್ಷ, ಹಟ ಮಾಡಿ ಜೊತೆಗೆ ಹೋಗುತ್ತಿದ್ದೆ. ಒಂದೇ ಕಂಬಳಿ, ಕೆಳಗೆ ರಾಗಿ ಹುಲ್ಲು. ಚಳಿಗೆ ಮೂಗು ಮರಗಟ್ಟುತ್ತಿತ್ತು. ಅಪ್ಪ ಎದ್ದು ಕೂತು ಎರಡು ಅಂಗೈ ಗೂಡು ಮಾಡಿ, ಹೆಬ್ಬೆರಳ ಗೆಣ್ಣಿನ ಸಂದಿಗೆ ತುಟಿ ಇಟ್ಟು ಊದುತ್ತಿದ್ದರು. ಬಲ ಹೆಬ್ಬೆರಳ ಗೆಣ್ಣಿನ ಮೇಲೆ ಕುಡುಗೋಲು ತಾಗಿದ ಹಳೇ ಗಾಯದ ಗೆರೆ ಇತ್ತು. ಅದರಿಂದ ಗಾಳಿ ಸ್ವಲ್ಪ ಸೋರಿ ದನಿಗೆ ಒಂದು ಗೊಗ್ಗರು ಸೇರುತ್ತಿತ್ತು. “ಬು... ಬೂ.” ಸ್ವಲ್ಪ ಹೊತ್ತಿಗೆ ಬಂಡೆ ಕಡೆಯಿಂದ ಅದೇ ದನಿ ವಾಪಸ್ ಬರುತ್ತಿತ್ತು. ಅದು ಕೊಂಬಿನ ಗೂಬೆ.

“ಗುಮ್ಮನ್ ಕರೀಬ್ಯಾಡ ಕಣೋ, ಮನೆಗೆ ಒಳ್ಳೇದಲ್ಲ” ಅಂತ ಅಜ್ಜಿ ಬೈಯುತ್ತಿದ್ದರು. “ಇಲಿ ಹಿಡಿಯೋನು ಬರ್ಲಿ ಬಿಡವ್ವ, ರಾಗಿ ಉಳೀತದೆ” ಅನ್ನುತ್ತಿದ್ದರು ಅಪ್ಪ.

ಈಗ ನಾವಿರುವುದು ಬನಶಂಕರಿ ಆರನೇ ಹಂತದಲ್ಲಿ, ತುರಹಳ್ಳಿ ಕಾಡಿನ ಅಂಚಿಗೆ. ಮೊದಲು ಕಾಗೆ ವಿಷಯ ಹೇಳಿಬಿಡುತ್ತೇನೆ, ದುಡ್ಡು ಹೋಗಿದ್ದು ಅಲ್ಲೇ ಜಾಸ್ತಿ.

ಶುರು ಮಾಡಿದ್ದು ಎಲ್ಲರಂತೆ ಬ್ಲೂಟೂತ್ ಸ್ಪೀಕರ್‌ನಿಂದ. ಸುಮಾರು 2,200 ರೂಪಾಯಿ. ಕಾಗೆ ಕೂಗನ್ನು ಹಾಕಿದರೆ ಕಾಗೆಗಳು ಬರುವುದೇನೋ ಬಂದವು. ಆದರೆ ಜಗಳಕ್ಕೆ ಬಂದಂತೆ ಮೇಲೆ ಸುತ್ತಿ, ಕಿರುಚಿ ಹೋದವು. ನಾನು ಹಾಕಿದ್ದು ಅಪಾಯ ಬಂದಾಗಿನ ಕೂಗು ಅಂತ ಆಮೇಲೆ ಗೊತ್ತಾಯಿತು. ಮೂರು ವಾರ ಅವು ನಮ್ಮ ಟೆರೇಸ್ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೊರದೇಶದಿಂದ ಒಂದು ಪೀಪಿ ತರಿಸಿದೆ. ಅಂಚೆ, ಸುಂಕ ಎಲ್ಲ ಸೇರಿ 1,600 ಹತ್ತಿರ ಆಯಿತು. ಅದನ್ನು ಅಲ್ಲಿನ ಕಾಗೆಯ ದನಿಗೆ ಮಾಡಿದ್ದಾರೆ. ನಮ್ಮ ಬೂದು ಕುತ್ತಿಗೆಯ ಊರುಕಾಗೆಯ ಮೂಗುದನಿ ಅದರಲ್ಲಿ ಬರುವುದೇ ಇಲ್ಲ. ದಯವಿಟ್ಟು ಕೊಳ್ಳಬೇಡಿ.

ಮೂರನೆಯದು ಪ್ಲಾಸ್ಟಿಕ್ ಗೂಬೆ, 650 ರೂಪಾಯಿ. ಕಾಗೆಗೂ ಗೂಬೆಗೂ ಹಳೇ ಹಗೆ, ಹಗಲಲ್ಲಿ ಗೂಬೆ ಕಂಡರೆ ಕಾಗೆಗಳೆಲ್ಲ ಸೇರಿ ಓಡಿಸುತ್ತವೆ, ಆ ನೆಪದಲ್ಲಾದರೂ ಒಟ್ಟಾಗಲಿ ಅಂತ ನನ್ನ ಲೆಕ್ಕ. ಮೊದಲ ದಿನ ಮೂವತ್ತಕ್ಕೂ ಜಾಸ್ತಿ ಕಾಗೆ ಸೇರಿ ಬೀದಿಯೇ ಗಲಾಟೆ. ಪಕ್ಕದ ಮನೆಯವರು ಗೇಟಿಗೆ ಬಂದರು. ನಾಲ್ಕನೇ ದಿನ ಒಂದು ಕಾಗೆ ಅದೇ ಗೂಬೆಯ ತಲೆ ಮೇಲೆ ಕೂತಿತ್ತು. ಅಷ್ಟರಲ್ಲಿ ಅದಕ್ಕೆ ಎಲ್ಲ ಅರ್ಥವಾಗಿತ್ತು. ಗೂಬೆಯನ್ನು ತೆಗೆದು ಹಾಕಿದೆ.

ಕೊನೆಗೆ ದನಿ ಬಿಟ್ಟು ಊಟ ಹಿಡಿದೆ. ಅನ್ನ ಇಟ್ಟೆ, ಪಾರಿವಾಳ ಬಂದವು. ನಿಮಗೂ ಇದೇ ಪಾಡು ಅಲ್ವಾ? ನಲವತ್ತು ಪಾರಿವಾಳ ಇಳಿದರೆ ಕಾಗೆ ಹತ್ತಿರವೂ ಸುಳಿಯುವುದಿಲ್ಲ. ಅಕ್ಕಿ, ಕಾಳು ಪೂರ್ತಿ ನಿಲ್ಲಿಸಿದೆ. ಬೇಯಿಸಿದ ಮೊಟ್ಟೆ, ಮುದ್ದೆಯ ಉಂಡೆ, ಕೋಳಿಯ ಚರ್ಮ ಇಟ್ಟೆ. ಪಾರಿವಾಳ ಹದಿನೈದು ದಿನಕ್ಕೆ ಹೋದವು. ಆದರೆ ಹದ್ದು ಬಂತು. ಎರಗಿ ಎತ್ತಿಕೊಂಡು ಹೋಗುವುದು ಅದಕ್ಕೆ ಒಂದು ಕ್ಷಣದ ಕೆಲಸ. ಇದಕ್ಕೆ ನಾನು ಕಂಡುಕೊಂಡ ದಾರಿಯ ಬಗ್ಗೆ ನನಗೆ ಹೆಮ್ಮೆ ಇದೆ. ತಟ್ಟೆಯನ್ನು ಬಟ್ಟೆ ಒಣಗಿಸುವ ತಂತಿಗಳ ಕೆಳಗೆ, ಸಿಂಟೆಕ್ಸ್ ಟ್ಯಾಂಕಿನ ಮಗ್ಗುಲಿಗೆ ಇಟ್ಟೆ. ಹದ್ದಿಗೆ ರೆಕ್ಕೆ ಬಿಚ್ಚಿ ಎರಗಲು ಜಾಗ ಬೇಕು, ಕಾಗೆ ನಡೆದುಕೊಂಡೇ ಒಳಗೆ ಹೋಗುತ್ತದೆ. ತಂತಿಗಳ ನಡುವೆ ಒಂದು ಮೊಳ ಅಂತರ ಸಾಕು.

ಆಮೇಲಿನದು ಬರೀ ತಾಳ್ಮೆ. ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ, ರಾತ್ರಿ ತಂಗಿದ ಮರ ಬಿಟ್ಟು ಕಾಗೆಗಳು ಚದುರುವ ಹೊತ್ತಿಗೆ ತಟ್ಟೆ ಬಡಿಯಬೇಕು. ದಿನಾ ಅದೇ ತಟ್ಟೆ, ಅದೇ ಚಮಚ, ಮೂರೇ ಏಟು. ಊಟ ಇಟ್ಟು ಬೆನ್ನು ತಿರುಗಿಸಬೇಕು. ಕಣ್ಣಿಟ್ಟು ನೋಡಿದರೆ ಊರುಕಾಗೆ ಇಳಿಯುವುದಿಲ್ಲ. ಗೋಡೆಗೆ ಹಳೇ ಸ್ಕೂಟರಿನ ಕನ್ನಡಿ ತೂಗುಹಾಕಿ ಅದರಲ್ಲಿ ನೋಡುತ್ತಿದ್ದೆ. ಮೊದಲ ಕಾಗೆ ಧೈರ್ಯ ಮಾಡಲು ಆರು ವಾರ ಬೇಕಾಯಿತು. ಅದರ ಎಡಗಾಲಿನ ಒಂದು ಬೆರಳು ಇರಲಿಲ್ಲ, ಹಾಗಾಗಿ ಗುರುತು ಸಿಗುತ್ತಿತ್ತು. ಉಂಡೆಯನ್ನು ಕಾಲಡಿ ಒತ್ತಿಕೊಂಡು ಮುರಿಯುವಾಗ ಉಂಡೆ ಆ ಕಡೆಗೆ ಜಾರುತ್ತಿತ್ತು. ಅದು ಪಕ್ಕಕ್ಕೆ ಎರಡು ಹೆಜ್ಜೆ ಇಟ್ಟು ಬಲಗಾಲಿಗೆ ಬದಲಾಯಿಸಿಕೊಳ್ಳುತ್ತಿತ್ತು. ಅದೊಂದು ನಂಬಿದ ಮೇಲೆ ಉಳಿದವು ಒಂದೇ ವಾರದಲ್ಲಿ ಹಿಂದೆ ಬಂದವು.

ತಿಂಗಳಿಗೆ ಮೊಟ್ಟೆಗೆ ನಾನೂರು ರೂಪಾಯಿ ಆಗುತ್ತಿತ್ತು. ಕೋಳಿ ಚರ್ಮ ಅಂಗಡಿಯವರು ಸುಮ್ನೆ ಕೊಡುತ್ತಿದ್ದರು. ಏಪ್ರಿಲ್‌ನಿಂದ ಜೂನ್ ಗೂಡಿನ ಕಾಲ, ಆಗ ಲೆಕ್ಕ ತಪ್ಪುತ್ತದೆ. ಕೋಗಿಲೆ ಓಡಿಸುವುದರಲ್ಲೇ ಅವು ಮುಳುಗಿರುತ್ತವೆ, ನಮ್ಮ ತಲೆಗೂ ಕುಕ್ಕುತ್ತವೆ. ಹೆಲ್ಮೆಟ್ ಹಾಕಿಕೊಂಡು ಟೆರೇಸ್‌ಗೆ ಹೋದ ದಿನಗಳಿವೆ. ಹೆಲ್ಮೆಟ್ ಹಾಕಿದರೆ ನನ್ನ ಗುರುತು ಹಿಡಿಯದೆ ಇನ್ನೂ ಜೋರಾಗಿ ಕೂಗುತ್ತಿದ್ದವು, ತೆಗೆದರೆ ಒಂದೆರಡು ಸುಮ್ಮನಾಗುತ್ತಿದ್ದವು. ಅದಕ್ಕೇ ಆಮೇಲೆ ಬರಿದಲೆಯಲ್ಲೇ ಹೋದೆ.

ಒಂದು ಮಾತು. 1972ರ ವನ್ಯಜೀವಿ ಕಾಯ್ದೆಯಲ್ಲಿ ನಮ್ಮ ಊರುಕಾಗೆಯನ್ನು ಇಲಿ, ಹೆಗ್ಗಣದ ಸಾಲಿಗೆ ಸೇರಿಸಿ, ಉಪದ್ರವ ಕೊಡುವ ಪ್ರಾಣಿಗಳ ಐದನೇ ಪಟ್ಟಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಓದಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು. ವರ್ಷಕ್ಕೊಂದು ಸಲ ಅಪ್ಪ ಅಂತ ಕರೆದು ಎಡೆ ಇಡುವ ಹಕ್ಕಿಗೆ ಆ ಜಾಗ ಅಲ್ಲ.

ಇಷ್ಟೆಲ್ಲ ಆದರೂ 2023ರ ಮಹಾಲಯಕ್ಕೆ ಸೋತೆ. ಕಾಗೆಗಳು ಪಳಗಿದ್ದು ಬೆಳಗಿನ ಹೊತ್ತಿಗೆ, ನಾವು ಎಡೆ ಇಡುವುದು ಮಧ್ಯಾಹ್ನ. ಎಷ್ಟು ಬಡಿದರೂ ಒಂದೂ ಬರಲಿಲ್ಲ. ಚಿಕ್ಕಪ್ಪ ಆ ವರ್ಷ ಎಲೆ ಎತ್ತಿಕೊಂಡು ಹೋಗಿ ಹಸುವಿಗೆ ಇಟ್ಟರು. ಮರುವರ್ಷ ಹಬ್ಬಕ್ಕೆ ನಲವತ್ತು ದಿನ ಮುಂಚಿನಿಂದ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳಿದೆ. ಒಮ್ಮೆ ಅವಸರ ಮಾಡಿ ಒಂದು ಗಂಟೆ ಜಾರಿಸಿದೆ, ಐದು ದಿನ ಕೆಟ್ಟವು. ಮತ್ತೆ ಹಿಂದಕ್ಕೆ ಹೋಗಿ ಶುರು ಮಾಡಬೇಕಾಯಿತು. ಮುದ್ದೆಯ ಉಂಡೆಗೆ ಇನ್ನೊಂದು ವಸ್ತು ಬೆರೆಸುತ್ತೇನೆ, ಅಡುಗೆಮನೆಯದೇ. ಅದು ಏನು ಅಂತ ಹೇಳುವುದಿಲ್ಲ, ಕಂಡುಕೊಳ್ಳಿ.

ಈಗ ಗೂಬೆ. ಇದಕ್ಕೆ ಖರ್ಚು ಕಡಿಮೆ, ಒಂದು ಟಾರ್ಚ್ ಮತ್ತು ಅದಕ್ಕೆ ಸುತ್ತಲು ಕೆಂಪು ಜಿಲೇಟಿನ್ ಕಾಗದ. ಹಕ್ಕಿ ನೋಡುವ ಗೆಳೆಯರೊಬ್ಬರು “ಕೈಯಲ್ಲಿ ಊದಿದರೆ ಯಾವ ಗೂಬೆಯೂ ಬರಲ್ಲ, ರೆಕಾರ್ಡಿಂಗ್ ಹಾಕಿ” ಅಂದಿದ್ದರು. ರೆಕಾರ್ಡಿಂಗ್ ನನಗೆ ಬೇಡ. ಅದು ಬ್ಯಾಟರಿ ಮುಗಿಯುವ ತನಕ ಕೂಗುತ್ತದೆ. ಇನ್ನೊಂದು ಗಂಡು ಬಂದು ಕೂತಿದೆ ಅಂತ ಗೂಬೆ ಬೇಟೆ ಬಿಟ್ಟು ಹುಡುಕುತ್ತಾ ಅಲೆಯುತ್ತದೆ.

ಹಾಲಕ್ಕಿ ಅನ್ನುವ ಸಣ್ಣ ಗೂಬೆಯ ಚಿರ್ ಚಿರ್ ಕೈಗೆ ದಕ್ಕುವುದಿಲ್ಲ, ಪ್ರಯತ್ನ ಬಿಟ್ಟಿದ್ದೇನೆ. ಕೈಗೆ ಹೊಂದುವುದು ಕಿವಿಗರಿಯ ಪುಟ್ಟ ಗೂಬೆ, ನಾವೆಲ್ಲ ಸ್ಕಾಪ್ಸ್ ಅಂತಲೇ ಕರೆಯುವುದು. ಅದರದ್ದು ಒಂದೇ ಸ್ವರ. ಮೆತ್ತಗೆ “ವುಟ್” ಅಂತ, ಯಾರೋ ಪ್ರಶ್ನೆ ಕೇಳಿದ ಹಾಗೆ. ನಮ್ಮ ಮನೆ ಹಿಂದೆ ಎರಡು ಸೈಟ್ ಆಚೆ ಅದು ಕೂಗುವುದು ಕೇಳುತ್ತಿತ್ತು. ಒಂದೂವರೆ ವರ್ಷ ಊದಿದೆ. ನಾನು ಶುರು ಮಾಡಿದ ತಕ್ಷಣ ಅದು ಸುಮ್ಮನಾಗುತ್ತಿತ್ತು.

ತಪ್ಪು ಎರಡು ಕಡೆ ಇತ್ತು. ಒಂದು, ನಾನು ಜೋರಾಗಿ ಊದುತ್ತಿದ್ದೆ. ನನ್ನ ಅಂಗೈ ಗೂಡು ದೊಡ್ಡದಾಗಿ ದನಿ ದಪ್ಪಗಾಗುತ್ತಿತ್ತು, ಪುಟ್ಟ ಗೂಬೆಗೆ ಅದು ದೊಡ್ಡ ಗೂಬೆ ಬಂದ ಹಾಗೆ. ಬೆರಳು ಒತ್ತಿ ಗೂಡನ್ನು ನಿಂಬೆಹಣ್ಣು ಹಿಡಿಸುವಷ್ಟು ಕಿರಿದು ಮಾಡಿದ ಮೇಲೆ ಸ್ವರ ಕೂತಿತು. ಎರಡನೆಯದು ಎಡೆಬಿಡದೆ ಊದಿದ್ದು. ಕಣದಲ್ಲಿ ಅಪ್ಪ ಹೇಳುತ್ತಿದ್ದ ಮಾತು ತುಂಬಾ ತಡವಾಗಿ ನೆನಪಾಯಿತು: “ಕರ್ದ್ಬುಟ್ಟು ಬಾಯ್ ಮುಚ್ಕೊಂಡಿರು ಮಗಾ, ಅದೂ ಯೋಚ್ನೆ ಮಾಡ್ಬೇಕಲ್ವಾ.” ಐದಾರು ಸಲ “ವುಟ್”, ನಡುನಡುವೆ ನಾಲ್ಕೈದು ಸೆಕೆಂಡ್. ಆಮೇಲೆ ಐದು ನಿಮಿಷ ಪೂರ್ತಿ ಮೌನ. ಇನ್ನೊಂದು ಸುತ್ತು, ಅಷ್ಟಕ್ಕೇ ಆ ದಿನ ಮುಗಿಸಬೇಕು. ಕತ್ತಲಾದ ಅರ್ಧ ಗಂಟೆಗೆ ಒಳ್ಳೆಯ ಹೊತ್ತು.

ಹೀಗೆ ಮಾಡಿದ ಒಂಬತ್ತನೆಯದೋ ಹತ್ತನೆಯದೋ ಸಂಜೆ ಉತ್ತರ ಬರಲೇ ಇಲ್ಲ. ಬೇಸರವಾಗಿ ತಿರುಗಿದರೆ ಬಟ್ಟೆ ತಂತಿಯ ಕಂಬದ ಮೇಲೆ ಕೂತಿತ್ತು, ನನ್ನಿಂದ ಎಂಟು ಅಡಿ ದೂರ. ರೆಕ್ಕೆಯ ಸದ್ದೇ ಇರಲಿಲ್ಲ. ಗೇಣುದ್ದದ ಹಕ್ಕಿ, ಕಿವಿಗರಿ ನೆಟ್ಟಗೆ ನಿಂತಿತ್ತು. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ ಆಡಿಸಿ ನನ್ನ ಕೈಯನ್ನೇ ನೋಡಿತು. ನಾನು ಉಸಿರು ಬಿಡಲಿಲ್ಲ. ಗೂಬೆ ಉತ್ತರ ಕೊಡಬೇಕು ಅಂತ ಕಾಯುವವರು ಮೊದಲು ತಮ್ಮ ಹಿಂದೆ ನೋಡಿ ಅಂತ ಹೇಳುವುದು ಇದಕ್ಕೇ.

ಜನವರಿಯಿಂದ ಏಪ್ರಿಲ್ ಪೂರ್ತಿ ಊದುವುದಿಲ್ಲ, ಅದು ಅವುಗಳ ಮೊಟ್ಟೆ ಮರಿಯ ಕಾಲ. ದೀಪಾವಳಿಗೆ ಮುಂಚಿನ ತಿಂಗಳೂ ಇಲ್ಲ. ಮಾಟದ ಹೆಸರಲ್ಲಿ ಗೂಬೆ ಹಿಡಿಯುವವರು ಆಗಲೇ ಓಡಾಡುವುದು. ದನಿಯ ಕೊನೆಯಲ್ಲಿ ನಾಲಿಗೆಯಿಂದ ಮಾಡುವ ಒಂದು ಸಣ್ಣ ಕೆಲಸವಿದೆ, ಅದನ್ನೂ ಗೂಬೆ ಇರುವ ಮರ ಎಲ್ಲಿದೆ ಅನ್ನುವುದನ್ನೂ ಇಲ್ಲಿ ಬರೆಯದಿರಲು ಅವರೇ ಕಾರಣ.

ನಡುವೆ ಒಂದು ಬೆಳಿಗ್ಗೆ ಅಂಗೈ ಗೂಡು ದೊಡ್ಡದು ಮಾಡಿ “ಊಪ್ ಊಪ್ ಊಪ್” ಅಂತ ಇಳಿಸುತ್ತಾ ಊದಿದೆ. ಪೊದೆಯಿಂದ ಕೆಂಬೂತ ಉತ್ತರ ಕೊಟ್ಟಿತು. ಮೂರು ದಿನ ಇಬ್ಬರೂ ಮಾತಾಡಿದೆವು. ಅದು ಗೂಬೆಗಿಂತ ಸುಲಭ, ಹೊಸಬರು ಅಲ್ಲಿಂದಲೇ ಶುರು ಮಾಡಬಹುದು. ಮಗಳಿಗೆ ಮೊದಲು ಬಂದದ್ದೂ ಅದೇ.

ಹಾಲಕ್ಕಿ ಬಿಟ್ಟರೆ ಇನ್ನು ಕೈಗೆ ಸಿಗದೆ ಉಳಿದಿರುವುದು ಕೊಂಬಿನ ಗೂಬೆ ಒಂದೇ. ಹೋದ ಡಿಸೆಂಬರಿನಲ್ಲಿ ಊರಿಗೆ ಹೋಗಿ ಹಳೇ ಕಣದ ಜಾಗದಲ್ಲಿ ಎರಡು ರಾತ್ರಿ ಕೂತೆ. ಬಂಡೆ ಕಡೆಯಿಂದ ಅದು ಕೂಗಿತು, ನಾನು ಊದಿದ ಮೇಲೂ ಕೂಗಿತು, ಆದರೆ ನನಗೆ ಉತ್ತರವಾಗಿ ಅಲ್ಲ. ನನ್ನ ದನಿ ನಯವಾಗಿದೆ, ಅಪ್ಪನ ಗೊಗ್ಗರು ಅದರಲ್ಲಿಲ್ಲ. ಹೆಬ್ಬೆರಳ ನಡುವೆ ಒಂದು ಒಣ ರಾಗಿ ಹುಲ್ಲಿನ ಎಸಳು ಇಟ್ಟು ಗಾಳಿ ಸೋರುವ ಹಾಗೆ ಮಾಡಿ ನೋಡುತ್ತಿದ್ದೇನೆ, ಹತ್ತಿರ ಹತ್ತಿರ ಬರುತ್ತಿದೆ. ಈ ಸಲದ ಸುಗ್ಗಿಗೆ ಚಿಕ್ಕಪ್ಪನೂ ಕಂಬಳಿ ತಗೊಂಡು ಬರುತ್ತೇನೆ ಅಂದಿದ್ದಾರೆ.